ಹೂಂ

ನನ್ನ ತಲೆ ಕಿವಿಗಿಂತ ಮುಂಚೆ ಹೊರಡುತ್ತದೆ.
ಎದುರಿನವರ ಮಾತು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ
ಹೊಸ್ತಿಲಿಗೆ ಬಂದು ನಿಂತು
ಹೂಂ ಹೂಂ ಅಂದುಬಿಡುತ್ತದೆ.

ಗದಗಿನ ಶಾಲೆಯಲ್ಲಿ ಅಂಟಿದ್ದು ಇದು.
ಹಿರೇಗೌಡ್ರ ಮಾಸ್ತರರು ಭಿನ್ನರಾಶಿ ಮುಗಿಸಿ
ಕೈಯ ಸುಣ್ಣ ಝಾಡಿಸುತ್ತ "ತಿಳೀತೇನ್ರೋ?" ಅಂದರೆ
ಅರವತ್ತು ಬಾಯಿ ಒಂದೇ ಉಸಿರಿಗೆ "ತಿಳೀತ್ರೀ!"
ತಿಳಿಯದವಳ ದನಿ ಎಲ್ಲರಿಗಿಂತ ಎತ್ತರ.

ಇನ್ನೊಂದೂ ಅಲ್ಲಿಯದೇ, ಅದು ನನ್ನ ಕೈಬಿಟ್ಟಿಲ್ಲ:
ಹದಿನೇಳೆಂಟ್ಲೆ ನೂರಾ ಮೂವತ್ತಾರು,
ಬಟ್ಟೆ ಒಗೆಯುವಾಗ, ನಳದ ಸರತಿಯಲ್ಲಿ,
ಜ್ವರ ಬಂದು ಬಡಬಡಿಸುವಾಗಲೂ ಅದೇ.
ನೂರು ಸಲ ಮಾಡು ಅಂದರೆ ಮಾಡುತ್ತೇನೆ.
ಒಂದು ಸಲ ಕೇಳು ಅಂದರೆ
ನಾಲಗೆ ಒಣಗುತ್ತದೆ.

ಈಗ ಐವತ್ತೊಂದು. ಊರು ಹಲ್.
ಹಂಬರ್ ನದಿಯ ಗಾಳಿ
ಕೆನೆಬಣ್ಣದ ಟೆಲಿಫೋನ್ ಗೂಡಿನ ಬಾಗಿಲು ಬಡಿಯುತ್ತದೆ;
ಎದುರಿಗೆ ಔಷಧದ ಅಂಗಡಿ, ಕೌಂಟರಿನ ಹಿಂದೆ ನಾನು.
ಹೋದ ನವೆಂಬರಿನಲ್ಲಿ ಓಲ್ಡ್‌ರಾಯ್ಡ್ ಎಂಬ ಕಿವಿ ಕೇಳದ ಮುದುಕ
ಮಾತ್ರೆಯ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು
ಎರಡೂ ಕೈಯಿಂದ ಏನೋ ಕೇಳಿದ.
ಹೊರಟಿತು ನನ್ನ ತಲೆ: ಹೂಂ.

ಆತ ಕುರ್ಚಿಯಲ್ಲಿ ಕೂತ.
ಐದೂವರೆ. ಆರು. ಶಟರ್ ಎಳೆಯುವ ತನಕ ಕೂತೇ ಇದ್ದ.
ಏನು ಕೊಡುತ್ತೇನೆ ಅಂದಿದ್ದೆ ನಾನು?

ಜನವರಿಯಿಂದ, ಮಂಗಳವಾರ ಸಂಜೆ, ಲೈಬ್ರರಿಯ ಮೇಲಿನ ಕೋಣೆ.
ಕಲಿಸುವವಳು ಡೆನೀಸ್; ಅವಳಿಗೂ ಕೇಳಿಸದು.
ಎಡಗೈಯ ಐದು ಬೆರಳ ತುದಿಗೆ ಇಂಗ್ಲಿಷಿನ ಐದು ಸ್ವರ.
ನಮ್ಮ ಅ ಆ ಇ ಈ ಆಗಿದ್ದರೆ
ಕಾಲ್ಬೆರಳಿಗೂ ಕೆಲಸ ಬೀಳುತ್ತಿತ್ತು.
ಬಸ್ಸಿನಲ್ಲಿ ಅಂಗಡಿಗಳ ಹೆಸರನ್ನೆಲ್ಲ ಬೆರಳಲ್ಲಿ ಬರೆಯುತ್ತೇನೆ,
ಹಿಟ್ಟು ಮೆತ್ತಿದ ಕೈಯಲ್ಲೂ, ತಿರುವುಮುರುವಾಗಿ, ಮಗ್ಗಿಯ ಹಾಗೆ.
ಇದರಲ್ಲಿ ನಾನು ಎತ್ತು. ಗಾಣ ತೋರಿಸಿದರೆ ಸಾಕು.

ಆದರೆ ಡೆನೀಸಳ ಮುಂದೆ ತಲೆಯಾಡಿಸಿದರೆ
ಅವಳು ನೋಡುವುದು ಕಣ್ಣನ್ನು.
ಸದ್ದಿಲ್ಲದ ಆ ಕೋಣೆಯಲ್ಲಿ
ಬಚ್ಚಿಟ್ಟುಕೊಳ್ಳಲು ಅರವತ್ತು ಬಾಯಿಗಳಿಲ್ಲ.
ಕೈಕಟ್ಟಿ ಕೂರುತ್ತಾಳೆ: ಹೇಳು, ಏನಂದೆ ನಾನು?

ಅವಳು ಮೊದಲ ದಿನ ಕಲಿಸಿದ್ದು ನಮಸ್ಕಾರವಲ್ಲ.
ಎರಡು ಬೆರಳು ಚಾಚಿ ಎರಡು ಸಲ ಅಲುಗಿಸು:
ಇನ್ನೊಮ್ಮೆ.
ಅದನ್ನೂ ನೂರು ಸಲ ಮಾಡಿದೆ,
ಕನ್ನಡಿಯ ಮುಂದೆ, ಯಾರನ್ನೂ ಏನನ್ನೂ ಕೇಳದೆ.

ಮಾರ್ಚಿನಲ್ಲಿ ಮತ್ತೆ ಬಂದ ಓಲ್ಡ್‌ರಾಯ್ಡ್.
ಅಂದು ನೀನು ಕೇಳಿದ್ದೇನು, ಅಂದೆ, ತೊದಲುವ ಬೆರಳಲ್ಲಿ.
ಹೇಳಿದ. ಇನ್ನೊಮ್ಮೆ, ಅಂದೆ. ಹೇಳಿದ. ಇನ್ನೊಮ್ಮೆ.
ಹಿಂದಿನ ಸಾಲು ಕೆಮ್ಮಿತು.
ಮೂರನೆಯ ಸಲ ಮಗುವಿಗೆ ತುತ್ತಿಡುವಷ್ಟು ನಿಧಾನವಾಗಿ:
ಮಳೆ ನಿಲ್ಲುವ ತನಕ ಇಲ್ಲಿ ಕೂರಲೇ?
ನೀನು ಹೂಂ ಅಂದಿದ್ದೆ.

ನಗಬೇಕಿತ್ತು. ಆತ ನಕ್ಕ.
ನನಗೋ, ಕಣ್ಣುಮುಚ್ಚಿ ಬರೆದ ಉತ್ತರಕ್ಕೆ
ಮಾಸ್ತರರು ಸರಿ ಹಾಕಿ ಕೊಟ್ಟ ಪಾಟಿ
ಕೈಯಲ್ಲಿ ಹಿಡಿದ ಹಾಗಾಯಿತು.

ಅಷ್ಟರಲ್ಲಿ ಆತ ಇನ್ನೇನೋ ಕೇಳಿದ.
ಹೊರಟೇಬಿಟ್ಟಿತ್ತು ತಲೆ.
ಗದ್ದ ಹಿಡಿದು ನಿಲ್ಲಿಸಿ
ಎರಡು ಬೆರಳು ಚಾಚಿದೆ.