ಅರ್ಧ ಬೆಳಕು

ಬರಕೊಳ್ರಿ ಸಾಹೇಬ್ರ.
ಹೆಸರು ಸಾಯಬಣ್ಣ, ತಂದಿ ಗುಂಡಪ್ಪ,
ವಸ್ತಿ ಆಳಂದ ನಾಕಾ, ಕಲಬುರಗಿ.
ಕೆಲಸ ಕೇಬಲ್ ಜೋಡಿಸೋದು.
ಮೊದಲು ತಾಮ್ರ, ಈಗ ಗಾಜಿನ ಎಳಿ.
ಕೂದಲಕಿಂತ ಸಣ್ಣದು. ಚುಚ್ಚಿದ್ರ ರಕ್ತ ಬರಂಗಿಲ್ಲ,
ಒಳಗೇ ಉಳೀತದ.

ಹ್ಯಾಂಗ ಗೊತ್ತಾತು ಅಂತೀರಿ.
ಮೀಟರ್ ಹಚ್ಚಿ ನೋಡಿದೆ.
ಸೇಡಂ ರೋಡಿನಿಂದ ಬಂದ ಬೆಳಕು
ಸೊಲ್ಲಾಪುರದ ಕಡೆ ಹೊಂಡೂದ್ರಾಗ ಅರ್ಧ ಆಗಿತ್ತು.
ಎಳಿ ಮುರಿದ್ರ ಬೆಳಕು ಸೋರ್ತದ,
ಒಂದೊಂದು ದಿನ ಒಂದೊಂದು ತರ.
ಇದು ಸೋರಿದ್ದಲ್ಲ.
ಅಣ್ತಮ್ಮರು ಹಗ್ಗ ಹಿಡದು ಹೊಲ ಹಂಚಿಕೊಂಡಂಗ
ನಟ್ಟನಡುವಿಗಿ, ಅಳದು, ಅರ್ಧ.
ಉಳದ ಅರ್ಧ ಯಾರ ಪಾಲಿಗಿ?

ಹಿಂದಿನ ಸಾಲಿನ ಖೋಲಿ. ಹೊಸಾ ಕೀಲಿ.
ಮೇ ತಿಂಗಳು, ನಲವತ್ನಾಕು ಡಿಗ್ರಿ,
ಬ್ಯಾಟರಿ ಖೋಲ್ಯಾಗ ನಾವು ಬನೇನು ಹಿಂಡಿಕೋತ ಕೂತಿದ್ದೆವು.
ಆ ಖೋಲಿ ಗೋಡಿ ಮಾತ್ರ ಕೈಗಿ ತಂಪು.
ಎ.ಸಿ. ಪೈಪಿನ ಹನಿ ಫರಸಿ ಮ್ಯಾಲ ಬೀಳೂದು,
ಒಂದು ಕುಂಟ ನಾಯಿ ಬಂದು ನೆಕ್ಕಿ ಹೋಗೂದು.
ಆ ಖೋಲಿಯಿಂದ ಯಾರಿಗರ ಏನರ ಸಿಕ್ಕಿದ್ದು
ಅದಕ್ಕೊಂದಕ್ಕೇ.

ಒಳಗ ಏನೇನು ಹೋಗ್ತಿತ್ತು? ಎಲ್ಲಾನೂ, ಸಾಹೇಬ್ರ.
ಕಳ್ಳರದೂ ಇದ್ದೀತು, ಇಲ್ಲನ್ನಂಗಿಲ್ಲ.
ಜೋಡಿಗಿ ದವಾಖಾನಿ ರಿಪೋರ್ಟು, ತೊಗರಿ ದರ,
ಉದಗೀರಿಗಿ ಕೊಟ್ಟ ಹೆಣ್ಮಗಳು ಅವ್ವನ ಮುಂದ
ಮಾತಾಡದೇ ಬರೇ ಉಸಿರು ಬಿಟ್ಟ ನಾಕು ನಿಮಿಷ.
ಮೂರು ರಿಂಗ್ ಕೊಟ್ಟು ಕಟ್ ಮಾಡ್ತಾರಲ್ರಿ,
'ಮುಟ್ಟೀನಿ, ನೀವು ಉಣ್ರಿ' ಅಂತ, ರೊಕ್ಕ ಖರ್ಚಿಲ್ಲದಂಗ,
ಅದನ್ನೂ ಬರದಿಟ್ಟಿತ್ತು:
ಯಾರು, ಯಾರಿಗಿ, ಎಷ್ಟೊತ್ತಿಗಿ.

ನಾ ಹೊಸದಾಗಿ ಸೇರಿದಾಗ
ಟ್ರಂಕ್ ಬೋರ್ಡಿನ್ಯಾಗ ಮಹಾನಂದಾಬಾಯಿ ಇದ್ದರು.
ಲೈನ್ ಕೂಡೀತು ಅಂದ್ರ ಕೀಲಿ ಎತ್ತಿ,
ಹೆಡ್‌ಫೋನ್ ಕಿವಿಯಿಂದ ಸರಸಿ, ಮಾರಿ ಗೋಡಿ ಕಡೆ ಮಾಡ್ತಿದ್ದರು.
'ಕೇಳಿದ್ರ ಏನಾಗ್ತದ್ರಿ ಬಾಯಿ?' ಅಂದಿದ್ದೆ ಒಮ್ಮೆ.
'ಮಂದಿ ಅಡಗಿ ಮನ್ಯಾಗ ನಿಂತಂಗ.
ಹಸಿವಿರಲಿ ಬಿಡಲಿ, ಕಣ್ಣು ಗಡಿಗಿ ಮ್ಯಾಲೇ ಹೋಗ್ತದ.'

ಕಾಗದ ಹೊರಗ ಒಯ್ದಾಂವ ನಾನೇ.
ಊಟದ ಡಬ್ಬ್ಯಾಗ, ರೊಟ್ಟಿ ನಡುವ, ಹನ್ನೊಂದು ಹಾಳಿ.
ಮೂರನೇದ್ರ ಮ್ಯಾಲ ಎಣ್ಣಿ ಕಲೆ ಅದ, ಅದು ಪುಂಡಿಪಲ್ಯದ್ದು.

ನಿಮ್ಮ ಪಟ್ಟ್ಯಾಗ ಇಲ್ಲದ ಪ್ರಶ್ನೆ ಒಂದದ, ನಾನೇ ಕೇಳ್ತೀನಿ:
ಆ ಖೋಲಿಗಿ ಎಳಿ ಜೋಡಿಸಿದ ಕೈ ಯಾರದು?
ಇದೇ.
ಎರಡು ವರ್ಷದ ಹಿಂದ, ಒಂದು ಐತವಾರ ರಾತ್ರಿ.
ಎಲ್ಲಿಗಿ ಅಂತ ಕೇಳಲಿಲ್ಲ.
ಓವರ್‌ಟೈಮ್ ಒಂಬೈನೂರು ರೂಪಾಯಿ,
ಅದಕ್ಕ ಇನ್ನಷ್ಟು ಕೂಡಿಸಿ ಕೂಲರ್ ತಂದೆ.
ಆ ಬ್ಯಾಸಗಿ ಮನ್ಯಾಗ ಎಲ್ಲಾರೂ ಛಂದ ನಿದ್ದಿ ಮಾಡಿದೆವು.
ಜೋಡೂ ಛಂದ ಕೂಡಿತ್ತು, ಮೀಟರಿಗಿ ಸೈತ ಸಿಗದಂಥಾದ್ದು.
ಅದನ್ನೂ ಬರಕೊಳ್ರಿ.

ಸಸ್ಪೆಂಡ್ ಆದ ಮ್ಯಾಲ ಯಾರೂ ಫೋನ್ ಮಾಡಿಲ್ಲ.
ದೇವೀಂದ್ರಪ್ಪ ಒಬ್ಬಾಂವ ಕತ್ತಲಾದ ಮ್ಯಾಲ ನಡಕೋತ ಬಂದಿದ್ದ.
ಬಾಗಲದಾಗೇ ನಿಂತು,
'ಫೋನು ಜ್ವಾಳದ ಡಬ್ಬ್ಯಾಗ ಹಾಕಿ ಬಂದೀನೋ' ಅಂದ.
ಏನು ಹೇಳ್ಲಿಕ್ಕಿ ಬಂದಿದ್ದನೋ, ಮರತ.
ಚಹಾ ಕುಡದು ಹೋದ.

ಸಹಿ ಎಲ್ಲಿ ಹಾಕ್ಲಿ ಅನ್ನೂದ್ರಾಗ
ನಿಮ್ಮ ಕಿಸೇದಾಗ ಫೋನ್ ಬಡಕೊಂಡಿತು.
ಹೆಸರು ನೋಡಿದ್ರಿ. ಮಾರಿ ಸಣ್ಣದಾತು.
'ಒಂದು ನಿಮಿಷ' ಅಂತ ಬೇವಿನ ಗಿಡದ ಬುಡಕ್ಕ ಹೋಗಿ
ಕೈ ಅಡ್ಡ ಹಿಡದು
ಸಣ್ಣ ದನಿಲೆ ಮಾತಾಡ್ಲಿಕ್ಕತ್ತಿದ್ರಿ.
ಕಿಟಕಿ ತೆರದಿತ್ತು.
ನಾನು ಮಾರಿ ಗೋಡಿ ಕಡೆ ಮಾಡಿ ಕೂತೆ.