ಕರೆ ಮುಗಿಸುವ ಕೈ

ಒತೀಲಿಯಾ ನಾವೆಲ್ಕಿನ್,
ನಿಮ್ಮ ಹೆಗಲನ್ನು ನಾನು ಮುಟ್ಟಿಯೇ ಇಲ್ಲ.
ನಡುವೆ ಕಾಲುವೆಯಷ್ಟು ಕಡಲು, ದೋಣಿಯ ಟಿಕೆಟ್ಟು,
ಒಂದು ದಿನದ ಕೂಲಿ.
ಹಾಗಾಗಿ ಮಂಗಳವಾರ ಸಂಜೆ ಆರಕ್ಕೆ
ಚಿಲೋಯೆ ದ್ವೀಪದ ನಿಮ್ಮ ಅಡುಗೆಮನೆ
ವಾಲ್ದಿವಿಯಾದ ನನ್ನ ಮೇಜಿಗೆ ಬರುತ್ತದೆ:
ಸೌದೆ ಒಲೆ, ಮೇಲೆ ಒಣಗಲಿಟ್ಟ ಉಣ್ಣೆಯ ಕಾಲುಚೀಲ,
ಕೆಟಲಿಗೆ ಒರಗಿಸಿದ ಫೋನಿನಲ್ಲಿ
ಅರ್ಧ ಮುಖ, ಒಂದು ಕಿವಿ.

ಹೆಗಲು ತೋರಿಸಿ ಅಂದರೆ
ಮೊದಲ ದಿನ ನೀವು ಕತ್ತಿ ಹಿಡಿವ ರೀತಿ ತೋರಿಸಿದಿರಿ.
ನಿಮಿಷಕ್ಕೆ ಹದಿನೆಂಟು ಮೀನು,
ಎರಡು ಡಿಗ್ರಿ ಚಳಿ, ಹನ್ನೊಂದು ವರ್ಷ.
ಬರಿಗೈ ಗಾಳಿಯಲ್ಲಿ ಸೀಳುತ್ತಾ ಹೋಯಿತು
ಇಲ್ಲದ ಸಾಲ್ಮನ್ನಿನ ಹೊಟ್ಟೆ.
ಸಾಕು ಅಂದೆ. ಆಮೇಲೂ ನಾಲ್ಕು ಮೀನು.

ವಿಮೆಯವರ ಕಾಗದ ಬಂತು:
ನೋವು ಕೆಲಸದ್ದಲ್ಲವಂತೆ, ವಯಸ್ಸಿನದಂತೆ.
ನೀವು ನಕ್ಕಿರಿ:
"ಎಡ ಹೆಗಲಿಗೂ ಇಷ್ಟೇ ವಯಸ್ಸು, ಡಾಕ್ಟರೇ."
ನಾನು ಡಾಕ್ಟರಲ್ಲ, ಎಷ್ಟು ಸಲ ಹೇಳಲಿ.
ಕಂಪನಿ ಕೈ ಎತ್ತಿಬಿಟ್ಟಿತು.
ನಿಮಗೆ ಎತ್ತಲಾದದ್ದು ಗಲ್ಲದವರೆಗೆ.

ನನ್ನದು ಬೆರಳಿನ ಕಸುಬು.
ಗಂಟು ಎಲ್ಲಿ, ಬಿಸಿ ಎಲ್ಲಿ, ಚರ್ಮ ಎಲ್ಲಿ ಅಂಜುತ್ತದೆ,
ಬೆರಳೇ ಓದಬೇಕು.
ಈಗ ಅದಕ್ಕೆ ಸಿಗುವುದು ತಣ್ಣನೆ ಗಾಜು.
ಕೈಗುಣ ಅನ್ನುವುದು ಸಿಗ್ನಲ್ಲಿನಲ್ಲಿ ಕಡಲು ದಾಟೀತೆ?
ಗಾಳಿ ಎದ್ದ ದಿನ ನಿಮ್ಮ ತೋಳು
ಚೂರು ಚೂರಾಗಿ ಏರಿ, ನಡುವೆ ನಿಂತುಬಿಡುತ್ತಿತ್ತು;
ನೋವೋ ನೆಟ್‌ವರ್ಕೋ ತಿಳಿಯದೆ
ಉಸಿರು ಹಿಡಿದು ಕೂರುತ್ತಿದ್ದೆ.

ರಬ್ಬರ್ ಪಟ್ಟಿ ಇಲ್ಲ; ಬಾಗಿಲ ಹಿಡಿಗೆ ಹಳೆಯ ಸ್ಟಾಕಿಂಗು.
ತೂಕಕ್ಕೆ ಒಂದು ಕಿಲೋ ಹಿಟ್ಟು.
"ಹಿಟ್ಟು ಬ್ರೆಡ್ಡಾಯಿತು, ಈ ವಾರ ಆಲೂಗಡ್ಡೆ."
ಕೋನ ಅಳೆಯುವುದು ಹೇಗೆ?
ಒಲೆ ಪಕ್ಕದ ಕಪಾಟಿಗೆ ಐದು ಹಲಗೆ.
ವಾರಕ್ಕೊಮ್ಮೆ ಫೋನು ಒಂದು ಹಲಗೆ ಮೇಲಕ್ಕಿಡಿ,
ಮಾತು ಮುಗಿದ ಮೇಲೆ
ಬಲಗೈಯಿಂದಲೇ ಕರೆ ಕತ್ತರಿಸಿ.

ಮೂರನೆಯ ಹಲಗೆಯಲ್ಲಿ ಆರು ವಾರ ಕಳೆದೆವು.
ಮಗಳು ಯಾಸ್ನಾ ಬಂದು ಕತ್ತರಿಸಿ ಹೋಗುವಳು,
ನೀವು ನನ್ನ ಕಡೆ ನೋಡುತ್ತಿರಲಿಲ್ಲ.
ಒಂದು ಮಂಗಳವಾರ ಉತ್ತರವೇ ಇಲ್ಲ.
ಸೀಸನ್ನು, ಡಬಲ್ ಶಿಫ್ಟು, ಆಮೇಲೆ ತಿಳಿಯಿತು.
ಮತ್ತೆ ಎರಡನೆಯ ಹಲಗೆ.
ಬೈಯಲು ನನಗೇನು ಹಕ್ಕು? ಬೈದೆ.

ನಿನ್ನೆ ಫೋನು ಐದನೆಯದರಲ್ಲಿತ್ತು.
ನನಗೆ ಕಂಡದ್ದು ಹೊಗೆ ಹಿಡಿದ ಮಾಡು,
ಒಂದು ಹಗ್ಗ, ಒಂದು ಬಲ್ಬು;
ಕೆಳಗೆಲ್ಲೋ ನಿಮ್ಮ ದನಿ
ಸೌದೆಯ ಬೆಲೆಗೆ ಶಾಪ ಹಾಕುತ್ತಿತ್ತು.
ಆಮೇಲೆ ಚೌಕಟ್ಟಿನ ಅಂಚಿನಿಂದ
ಉಗುರು, ಕತ್ತಿಯ ಹಳೆ ಗಾಯದ ಗೆರೆ,
ನಡುಗುತ್ತ ನಡುಗುತ್ತ ಬೆರಳು ಏರಿ ಬಂದವು,
ಪರದೆಯ ತುಂಬ ಒಂದು ಅಂಗೈ.

ಅದು ಗಾಜನ್ನು ಮುಟ್ಟಿತು.
ಕತ್ತಲಾಯಿತು.
ಆ ಕತ್ತಲಿಗೇ ನಾನು ಇನ್ನೂ ಸ್ವಲ್ಪ ಹೊತ್ತು
ಇಳಿಸಿ, ನಿಧಾನ ಇಳಿಸಿ, ಅನ್ನುತ್ತಿದ್ದೆ.