ಕಸ್ತಾರಾದಲ್ಲಿ ಗುರುವಾರ

ಐದಕ್ಕೇ ಎಚ್ಚರ. ಹಾಳು ಅಭ್ಯಾಸ.
ಸ್ಯಾನ್ ಫರ್ನಾಂಡೋದ ವಾರ್ಡಿನಲ್ಲಾದರೆ ಈ ಹೊತ್ತಿಗೆ
ಹನ್ನೆರಡನೇ ಮಂಚದ ಮುದುಕನ ಜ್ವರ ನೋಡಬೇಕು,
ಬೈಸಿಕೊಳ್ಳಬೇಕು, ಬರೆದಿಡಬೇಕು.
ಇಲ್ಲಿ ನೋಡಲು ಒಂದು ಸೊಳ್ಳೆಪರದೆ,
ಅದರಾಚೆ ಇನ್ನೂ ಬಣ್ಣ ನಿರ್ಧರಿಸದ ಸಮುದ್ರ.

ಪಕ್ಕದಲ್ಲಿ ಆನ್ಸೆಲ್ಮ್, ಗೊರಕೆಯ ರಾಜ್ಯದಲ್ಲಿ.
ಟೊಬೇಗೋದ ಹಡಗಿನಲ್ಲಿ ದಾರಿಯುದ್ದಕ್ಕೂ
ಪ್ಲಾಸ್ಟಿಕ್ ಚೀಲ ತಬ್ಬಿ ಕೂತು
‘ವಾಪಸು ಈಜಿಕೊಂಡೇ ಹೋಗುತ್ತೇನೆ ನೋಡು’ ಎಂದಿದ್ದವನು.
ಮೂರು ವರ್ಷಕ್ಕೆ ಸಿಕ್ಕಿದ ನಾಲ್ಕು ದಿನ ರಜೆ.
ನಿನ್ನೆ ರಾತ್ರಿ ಕೇಳಿದ: ನಾಳೆ ಏನು ಮಾಡೋಣ?
ನಾನೆಂದೆ: ಏನೂ ಬೇಡ.
ಹಾಗಂದರೇನು ಎಂದು ಬಹಳ ಹೊತ್ತು ಯೋಚಿಸಿದ, ಪಾಪ,
ಲಾರಿಗಳ ಹೊಟ್ಟೆಯಡಿ ಮಲಗಿಯೇ ದುಡಿದವನು.

ಮಿಸ್ ಐಯೋನಿಯ ಮಣ್ಣೊಲೆ ಹಿತ್ತಲಲ್ಲಿ ಹೊಗೆಯಾಡಿ
ಬ್ರೆಡ್ಡಿನ ವಾಸನೆ ಕಿಟಕಿಯಿಂದ ಒಳಗೆ ಬಂದು
ಒಬ್ಬೊಬ್ಬರನ್ನೇ ಕಿವಿ ಹಿಡಿದು ಎಬ್ಬಿಸಿತು.
ಅತ್ತೆ ಯೂಡೋರಾ ಮೊದಲ ತುಂಡು ಮುರಿದು, ಮೂಸಿ,
‘ಉಪ್ಪು ಒಂದು ಚಿಟಿಕೆ ಕಮ್ಮಿ’ ಎಂದರು.
ಆಮೇಲೆ ಇಡೀ ಬ್ರೆಡ್ಡು ತಿಂದರು.

ಹತ್ತಕ್ಕೆ ಕೆಜಾಯಾ ಮೆಟ್ಟಿಲ ಮೇಲೆ ಕೂತಳು.
ಐಯೋನಿಯ ತಂಗಿಮಗಳು ಅವಳ ತಲೆಯನ್ನು ಮೊಣಕಾಲ ನಡುವೆ ಹಿಡಿದು
ಸಣ್ಣ ಸಣ್ಣ ಸಾಲು ಬಿಡಿಸಿ, ಎಣ್ಣೆ ಸವರಿ,
ಜಡೆ ಹೆಣೆಯತೊಡಗಿದಳು, ಮಾತಿಗೊಂದು ಎಳೆ:
ಯಾವ ಹುಡುಗ, ಯಾವ ದೋಣಿ, ಯಾರ ಮದುವೆ ಮುರಿಯಿತು.
ಹದಿಮೂರರ ನನ್ನ ಮಗಳು ಕಣ್ಣು ಮುಚ್ಚಿ
ಕಿವಿಯನ್ನಷ್ಟೇ ತೆರೆದಿಟ್ಟಿದ್ದಳು.
ಬಲಗಡೆ ಮುಗಿದಿತ್ತು. ಎಡಗಡೆ ಇನ್ನೂ ಮೋಡ.

ಆಗ ಯಾರೋ ಶಂಖ ಊದಿದರು.
ಬಲೆ ಬಂತು, ಬಲೆ!
ಅಂಗಡಿಯವನು ಗಲ್ಲಾ ಬಿಟ್ಟು, ಪಾದ್ರಿ ಪೇಪರು ಬಿಟ್ಟು,
ಕೆಜಾಯಾ ಅರ್ಧ ತಲೆ ಹೊತ್ತು,
ಎಲ್ಲರೂ ದಂಡೆಗೆ.
ಕೊಲ್ಲಿಯಲ್ಲಿ ಅರ್ಧಚಂದ್ರದಂತೆ ಬಲೆ,
ಎರಡು ತುದಿಗೆ ಎರಡು ಹಗ್ಗ,
ಹಗ್ಗಕ್ಕೆ ಇಡೀ ಊರು.
ಮುದುಕ ಕತ್ಬರ್ಟ್ ನನ್ನತ್ತ ತಿರುಗಿ,
‘ನರ್ಸಮ್ಮಾ, ಸುಮ್ಮನೆ ನಿಲ್ಲಲು ಇಲ್ಲಿ ಮರಗಳಿಗೆ ಮಾತ್ರ ಪರವಾನಗಿ’ ಎಂದ.
(ನಾನು ನರ್ಸೆಂದು ಒಂದೇ ರಾತ್ರಿಗೆ ಯಾರು ಸಾರಿದರೋ.)

ಎಳೆದೆವು. ಹಿಮ್ಮಡಿ ಮರಳಲ್ಲಿ ಹೂತು, ಮೈಭಾರ ಹಿಂದಕ್ಕೆ ಚೆಲ್ಲಿ,
ಒದ್ದೆ ಹಗ್ಗ ಅಂಗೈಯ ಗೆರೆಗಳನ್ನು ತಿದ್ದಿ ಬರೆಯುವಂತೆ.
ಏನೂ ಮಾಡಬಾರದ ದಿನ ರಟ್ಟೆ ಉರಿಯುತ್ತಿತ್ತು,
ನಾನು ನಗುತ್ತಿದ್ದೆ.
ತಲೆಯ ಮೇಲೆ ಪೆಲಿಕನ್‌ಗಳು, ಸಾಲ ವಸೂಲಿಗೆ ಬಂದವರ ಹಾಗೆ.

ಆರು ವರ್ಷದ ಜಬಾರಿ ಕಿರುಬೆರಳಿಂದ ಹಗ್ಗ ಮುಟ್ಟಿದ್ದ, ಅಷ್ಟೇ.
ಪಾಲು ಹಾಕುವಾಗ ಕತ್ಬರ್ಟ್ ಅವನನ್ನೂ ಕರೆದ:
ಹಗ್ಗ ಮುಟ್ಟಿದ ಕೈಗೆ ಮೀನು ಕೊಡಲೇಬೇಕು.
ಒಂದು ಜ್ಯಾಕ್ ಮೀನು, ಗೇಣುದ್ದ, ಇನ್ನೂ ಜೀವಂತ,
ದುರುಗುಟ್ಟಿ ನೋಡುತ್ತಿತ್ತು.
ಬಕೆಟ್ಟಿಗೆ ಕಡಲ ನೀರು ತುಂಬಿ ಬಿಟ್ಟ.
‘ಇನ್ಸ್‌ಪೆಕ್ಟರ್’ ಎಂದು ಹೆಸರಿಟ್ಟ.
ಬ್ರೆಡ್ಡು ಹಾಕಿದ. ಇನ್ಸ್‌ಪೆಕ್ಟರ್ ಲಂಚ ಮುಟ್ಟಲಿಲ್ಲ.

ಮಧ್ಯಾಹ್ನ ಬಂತು, ಎಲ್ಲಿಗೂ ಹೋಗಲಿಲ್ಲ.
ಬಾದಾಮಿ ಮರದ ನೆರಳು ಒಂದು ಕುರ್ಚಿಯಿಂದೆದ್ದು
ಇನ್ನೊಂದರಲ್ಲಿ ಕೂತಿತು, ಅಷ್ಟೇ ಓಡಾಟ.
ಆನ್ಸೆಲ್ಮ್ ಡಾಮಿನೋದಲ್ಲಿ ಪಾದ್ರಿಗೆ ಐದು ಸಲ ಸೋತ;
ಆರನೇ ಸಲ ಪಾದ್ರಿಯೇ ಸೋತುಕೊಟ್ಟರು, ಧರ್ಮಕ್ಕೆ.
ನಾನು ಜಬಾರಿಯ ಪಕ್ಕ ಸುಮ್ಮನೆ ಒರಗಿದ್ದೆ.
ಹಗಲಲ್ಲಿ ನಿದ್ದೆ, ನನಗೆ, ಕಾಯಿಲೆಯಿಲ್ಲದೆ!

ಎದ್ದಾಗ ಬಕೆಟ್ಟು ಬೋರಲು.
ಒಲೆಯ ಮೇಲೆ ತೆಂಗಿನ ಹಾಲು, ದೀವಿಹಲಸು, ಅರಿಶಿನ.
ಅತ್ತೆಯ ಬೆನ್ನು ಬಾಗಿಲಿಗೆ.
‘ಇನ್ಸ್‌ಪೆಕ್ಟರ್ ಎಲ್ಲಿ?’
ಅತ್ತೆ ತಿರುಗದೆಯೇ: ‘ವರ್ಗವಾಯಿತು, ಮಗಾ. ಷಾರ್ಲಟ್‌ವಿಲ್‌ಗೆ.
ಆರ್ಡರು ಈಗಷ್ಟೇ ಬಂತು.’

ಹುಡುಗ ಸಮುದ್ರ ನೋಡಿದ. ಪಾತ್ರೆ ನೋಡಿದ.
ನನ್ನ ಮುಖ ನೋಡಿದ.
ಹನ್ನೆರಡನೇ ಮಂಚಕ್ಕೂ ಹೇಳದಂಥ ಸುಳ್ಳನ್ನು
ನಾನು ಬರೀ ತಲೆಯಾಡಿಸಿ ಹೇಳಿದೆ.
ಎರಡು ಸಲ ಬಡಿಸಿಕೊಂಡು ತಿಂದ,
ಮುಳ್ಳುಗಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸಿ.

ದೀಪ ಹಚ್ಚಿದ ಮೇಲೆ ಕೆಜಾಯಾಳ ಎಡಗಡೆ ಶುರುವಾಯಿತು,
ಮುರಿದ ಮದುವೆಯ ಕಥೆಯೂ, ಬಿಟ್ಟಲ್ಲಿಂದ.
ಅಂಗೈಯ ಬೊಬ್ಬೆಗೆ ತೆಂಗಿನೆಣ್ಣೆ ಸವರುತ್ತ
ಕೇಳದವಳ ಹಾಗೆ ಕೇಳುತ್ತ ಕೂತೆ.
ಆನ್ಸೆಲ್ಮ್ ಹತ್ತಿರ ಬಂದು: ನಾಳೆ?
ಶ್, ಎಂದೆ,
ಆ ಹುಡುಗ ಈಗ ದೋಣಿ ಹತ್ತುತ್ತಿದ್ದಾನೆ.